ಹೆಸರು ಬರೆಯದ ಚೀಟಿ

ಭಾಲ್ಕಿ
೧೪ ಫೆಬ್ರವರಿ ೨೦೨೪

ಪ್ರಿಯ ಪರ್ಲ,

ವಂದನೆಗಳು. ಫೋನು ಮಾಡುವುದು ಬಿಟ್ಟು ಕಾಗದ ಬರೆಯುತ್ತಿದ್ದಾಳೆಂದು ಗಾಬರಿಯಾಗಬೇಡ. ನಿನ್ನ ಕಿವಿ ಮಂದವಾದ ಮೇಲೆ ನಮ್ಮಿಬ್ಬರ ಫೋನಿನ ಮಾತು ಇಡೀ ಓಣಿಗೆ ಕೇಳುತ್ತದೆ. ಇದು ಕೂಗಿ ಹೇಳುವ ಮಾತಲ್ಲ.

ಬೀದರಿನ ಪ್ರಾರ್ಥನಾ ಕೂಟದಿಂದ ಬಂದು ಮೂರು ದಿನವಾಯಿತು. ಭಾನುವಾರ ಮಧ್ಯಾಹ್ನ ಹೈದರಾಬಾದಿನಿಂದ ಉಪದೇಶಕ್ಕೆ ಬಂದ ಆ ಬ್ರದರ್ ಕಣ್ಣು ಮುಚ್ಚಿ ಹೇಳಿದ್ದು ನಿನಗೆ ಕೇಳಿಸಿತೋ ಇಲ್ಲವೋ, ನನಗೆ ಒಂದಕ್ಷರ ಬಿಡದೆ ಕೇಳಿಸಿತು. "ಈ ಪೆಂಡಾಲದಾಗ ಬಿಳಿ ಸೀರೀ ಉಟ್ಟು ಸೇವಾ ಮಾಡಿದ ಒಬ್ಬ ತಂಗಿ ಕುಂತಾಳ. ಔರಾದದಾಗ ಹಾಡಿನ ಸಪ್ಪಳ ಕೇಳಿ ಬಾಣಂತಿ ಮಗ್ಗಲದಿಂದ ಎದ್ದು ಹೋದ್ಲು. ಒಂದು ಜೀವ ಹೋತು. ಕರ್ತ ನನಗ ತೋರಸ್ಲಿಕ್ಕತ್ಯಾನ." ಸಾವಿರ ಮಂದಿ ಹಲ್ಲೆಲೂಯ ಎಂದರು. ನನ್ನ ಗಂಡ ಪಾಲ ಅವರೂ ಪಕ್ಕದಲ್ಲಿ ತಲೆ ತಗ್ಗಿಸಿ ಕುಳಿತಿದ್ದರು.

ಪರ್ಲ, ಆ ಮಾತು ಈ ಲೋಕದಲ್ಲಿ ನಮ್ಮಿಬ್ಬರಿಗೆ ಮಾತ್ರ ಗೊತ್ತು. ೧೯೮೫ರ ಆ ಮಧ್ಯಾಹ್ನ ಔರಾದದ ದವಾಖಾನೆಯಲ್ಲಿ ಡ್ಯೂಟಿ ನನ್ನೊಬ್ಬಳದೇ ಇತ್ತು. ಡಾಕ್ಟರು ಊರಲ್ಲಿರಲಿಲ್ಲ. ಪಕ್ಕದ ಬಯಲಿನಲ್ಲಿ ಕೂಟ ನಡೆದಿತ್ತು. ಮುಕ್ಕಾಲು ತಾಸು ಹಾಡು ಕೇಳಿ ಬರುವುದರೊಳಗೆ ಬಾಣಂತಿ ತಬಸ್ಸುಮಳ ಹಾಸಿಗೆ ರಕ್ತದಲ್ಲಿ ನೆನೆದಿತ್ತು. ಡಾಕ್ಟರು ಬಂದು ಕೇಳಿದಾಗ "ಇಬ್ಬರೂ ಇಲ್ಲೇ ಇದ್ದೆವು" ಎಂದವಳು ನೀನು. ಹಾಗೆಂದು ದವಾಖಾನೆಯ ಪುಸ್ತಕದಲ್ಲಿ ಬರೆದವಳೂ ನೀನೇ. ನಾನು ಯಾರಿಗೂ ಹೇಳಿಲ್ಲ. ಕಟ್ಟಿಕೊಂಡ ಗಂಡನಿಗೂ ಹೇಳಿಲ್ಲ.

ಶನಿವಾರ ಊಟದ ಹೊತ್ತಿನಲ್ಲಿ ನೀನು ಆ ಬ್ರದರ್ ಜೊತೆ ಬಹಳ ಹೊತ್ತು ಮಾತಾಡಿದ್ದನ್ನು ನೋಡಿದೆ. ನಾನು ಹತ್ತಿರ ಬಂದಾಗ ನೀನು ಮಾತು ನಿಲ್ಲಿಸಿದೆ.

ಏನು ಮಾತಾಡಿದೆ? ಅಷ್ಟೇ ಕೇಳುತ್ತೇನೆ.

ರೂತ


ಬೀದರ, ಮಂಗಲಪೇಟೆ
೨ ಮಾರ್ಚ್ ೨೦೨೪

ರೂತ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಮೊದಲ ಸಲ ಅತ್ತೆ, ಎರಡನೇ ಸಲ ಸಿಟ್ಟು ಬಂತು. ಸಿಟ್ಟು ಇಳಿಯಲೆಂದು ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ಪೂರ್ತಿ ಇಳಿದಿಲ್ಲ.

ಬ್ರದರ್ ಹತ್ತಿರ ನಾನು ನನ್ನ ಕಿವಿಗಾಗಿ ಪ್ರಾರ್ಥನೆ ಮಾಡಿಸಿಕೊಂಡೆ. ನಲವತ್ತು ವರ್ಷ ಮಂದಿಯ ಕಿವಿ, ಕಣ್ಣು, ಗಾಯ ತೊಳೆದವಳು ತನ್ನ ಕಿವಿಗಾಗಿ ಒಬ್ಬ ಹುಡುಗನ ಮುಂದೆ ತಲೆ ಬಾಗಿಸಿದ್ದು ನಾಚಿಕೆಯೆನಿಸಿತು. ನೀನು ಬಂದಾಗ ಮಾತು ನಿಲ್ಲಿಸಿದ್ದು ಅದಕ್ಕೆ. ಕಿವಿ ಹಾಗೇ ಇದೆ.

ಈಗ ನನ್ನದೊಂದು ಪ್ರಶ್ನೆ. ಐದು ವರ್ಷದ ಹಿಂದಿನ ಕೂಟದಲ್ಲಿ ನೀನು ಎದ್ದು ಮುಂದೆ ಹೋಗಿ, ಮೊಣಕಾಲೂರಿ, ಪಾಸ್ಟರ ಕಿವಿಯಲ್ಲಿ ಏನೋ ಹೇಳಿ ಅತ್ತೆಯಲ್ಲ? ನಾನು ಆಗ ಕೇಳಲಿಲ್ಲ. ಆದರೆ ಅಂದಿನಿಂದ ಆ ಪಾಸ್ಟರು ನನ್ನನ್ನು ಕಂಡಾಗಲೆಲ್ಲ "ಪರ್ಲಮ್ಮ, ಖುಷೀಲಿದ್ದೀರಿ?" ಎನ್ನುತ್ತಾರೆ. ಅದಕ್ಕೆ ಮೊದಲು ಎಂದೂ ಹಾಗೆ ಕೇಳಿದವರಲ್ಲ. ಹಗುರಾಗಬೇಕೆಂದು ನೀನು ನನ್ನ ಹೆಸರನ್ನೂ ಸೇರಿಸಿ ಒಪ್ಪಿಸಿಬಿಟ್ಟೆಯೋ ಏನೋ ಎಂದು ಐದು ವರ್ಷದಿಂದ ನಾನೂ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೇನೆ.

ಸುಳ್ಳು ಬರೆದ ಕೈ ನನ್ನದು, ರೂತ. ಇದು ಹೊರಗೆ ಬಂದರೆ ನಿನ್ನದು ಮೈಮರೆವು ಎನಿಸಿಕೊಳ್ಳುತ್ತದೆ, ನನ್ನದು ಮೋಸ ಎನಿಸಿಕೊಳ್ಳುತ್ತದೆ. ನಾನು ಯಾಕೆ ಬಾಯಿ ಬಿಡಲಿ?

ಪರ್ಲ


ಭಾಲ್ಕಿ
೨೩ ಜೂನ್ ೨೦೨೪

ಪರ್ಲ,

ಉತ್ತರ ಬರೆಯಬಾರದೆಂದಿದ್ದೆ. ಆದರೆ ಇಲ್ಲಿ ನಡೆದದ್ದನ್ನು ಹೇಳಲು ನಿನ್ನನ್ನು ಬಿಟ್ಟರೆ ಯಾರಿದ್ದಾರೆ? ಮೊದಲು ನಿನ್ನ ಪ್ರಶ್ನೆಗೆ ಉತ್ತರ: ಆ ದಿನ ನಾನು ಅತ್ತಿದ್ದು ತೀರಿಹೋದ ನನ್ನ ತಂಗಿಗಾಗಿ. ಪಾಸ್ಟರಿಗೆ ನಾನು ಹೇಳಿದ್ದು ಅದೊಂದೇ. ನಂಬುವುದು ಬಿಡುವುದು ನಿನಗೆ ಬಿಟ್ಟದ್ದು. ನಿನ್ನ ಕಿವಿಯ ಮಾತನ್ನು ನಾನು ಮುಕ್ಕಾಲು ನಂಬಿದ್ದೇನೆ.

ಬರುವ ಫೆಬ್ರವರಿಯ ಕೂಟ ನಮ್ಮ ಭಾಲ್ಕಿಯಲ್ಲಿ. ಹೋದ ವಾರ ಕೂಟದ ಸೆಕ್ರೆಟರಿ ಸೈಮನ ನಮ್ಮ ಮನೆಗೆ ಬಂದಿದ್ದ. ಅಡುಗೆ, ನೀರು, ಬೀದರಿನಿಂದ, ಔರಾದದಿಂದ, ಹಳ್ಳಿಗಳಿಂದ ಬರುವವರಿಗೆ ಮಲಗುವ ಜಾಗ, ಇವೆಲ್ಲವನ್ನೂ ಇವರ ಜೊತೆ ಮಾತಾಡಿದ. ಎದ್ದು ಹೋಗುವಾಗ ಚಪ್ಪಲಿ ಮೆಟ್ಟುತ್ತ ನನ್ನ ಕಡೆ ತಿರುಗಿ ಹೇಳಿದ:

"ಅಮ್ಮಾ, ಅದೇ ಬ್ರದರ್‌ನ್ನ ಮತ್ತ ಕರಸ್ಲಿಕ್ಕತ್ತೀವಿ. ಹೋದ ಸಲ ಹೇಳಿದ್ರಲ್ಲ, ಔರಾದದ ನರ್ಸಮ್ಮ ಅಂತ? ಆಕಿ ಈ ಸಲ ಸ್ಟೇಜಿಗೆ ಬಂದು ಸಾಕ್ಷಿ ಹೇಳಿದ್ರ ಎಷ್ಟು ಮಂದಿ ವಿಶ್ವಾಸ ಗಟ್ಟಿ ಆಗ್ತದ ನೋಡ್ರಿ."

"ನಂಗ್ಯಾಕ ಹೇಳ್ತೀ ಸೈಮನ?" ಎಂದೆ.

"ನೀವೂ ನರ್ಸ್ ಇದ್ರಲ್ರಿ. ನಿಮಗ ಗುರ್ತು ಇರಬಹುದು ಅಂತ ಕೇಳಿದ್ನಿ."

ನಕ್ಕ. ಆ ನಗೆ ನನಗೆ ಸೇರಲಿಲ್ಲ. ಇವರು ಒಳಗೆ ಹೋಗಿ ಮೋಟಾರು ಹಚ್ಚಿದರು. ನೀರಿನ ಟಾಕಿ ಆಗಲೇ ತುಂಬಿತ್ತು.

ಅಂದಿನಿಂದ ಯಾರು ನೋಡಿದರೂ ನನ್ನನ್ನೇ ನೋಡಿದಂತೆ. ಚರ್ಚಿನ ಮೆಟ್ಟಿಲಲ್ಲಿ ಇಬ್ಬರು ಹೆಂಗಸರು ಮಾತಾಡುತ್ತಿದ್ದರೆ ನನ್ನ ಮಾತೇ ಇರಬೇಕು ಎನಿಸುತ್ತದೆ. ಸೊಸೆ ರೆಬೆಕ್ಕಾ "ಅತ್ತೀ, ನೀವು ಔರಾದದಾಗ ಎಷ್ಟು ವರ್ಷ ಇದ್ರಿ?" ಎಂದು ಸುಮ್ಮನೆ ಕೇಳಿದ್ದಕ್ಕೆ ಸಿಡುಕಿದೆ. ಪಾಪ, ಆಕೆ ಪಿಂಚಣಿಯ ಅರ್ಜಿ ತುಂಬುತ್ತಿದ್ದಳು.

ದೇವರು ಆ ಬ್ರದರಿಗೆ ತೋರಿಸಿದನೆಂದು ನಾನು ನಂಬುವುದಿಲ್ಲ. ನನ್ನ ದೇವರಿಗೆ ನನ್ನ ಜೊತೆ ಮಾತಾಡಬೇಕಿದ್ದರೆ ಮೂವತ್ತೊಂಬತ್ತು ವರ್ಷ ಪುರುಸೊತ್ತಿತ್ತು. ಅಡುಗೆಮನೆಗೇ ಬಂದು ಹೇಳಬಹುದಿತ್ತು. ಪೆಂಡಾಲು, ಮೈಕು ಯಾಕೆ ಬೇಕಿತ್ತು? ಯಾರೋ ಮನುಷ್ಯರೇ ಹೇಳಿದ್ದಾರೆ.

ಕೂಟದ ಬಾಗಿಲಲ್ಲಿ ಪ್ರಾರ್ಥನಾ ವಿಷಯ ಬರೆದು ಹಾಕುವ ಪೆಟ್ಟಿಗೆ ಇಟ್ಟಿರುತ್ತಾರಲ್ಲ, ಹೆಸರು ಬರೆಯದೆಯೂ ಹಾಕಬಹುದು ಎನ್ನುತ್ತಾರಲ್ಲ, ಆ ಚೀಟಿಗಳು ಕೊನೆಗೆ ಎಲ್ಲಿ ಹೋಗುತ್ತವೆ? ನೀನು ಮಹಿಳಾ ಸಂಘದಲ್ಲಿದ್ದೀ. ಚರ್ಚಿನ ಕಪಾಟಿನ ಚಾವಿ ನಿನ್ನ ಹತ್ತಿರ ಇರುತ್ತದೆ. ನಿನ್ನ ಮೇಲಿನ ನನ್ನ ಅನುಮಾನ ಪೂರ್ತಿ ಹೋಗಬೇಕೆಂದಿದ್ದರೆ ಹುಡುಕು.

ರೂತ


ಬೀದರ
೧೯ ಸೆಪ್ಟೆಂಬರ್ ೨೦೨೪

ರೂತ,

ನಿನ್ನ ಅನುಮಾನ ಕಳೆಯಲೆಂದು ನಾನು ಕಳ್ಳಿಯಂತೆ ಕಪಾಟು ತೆರೆಯಬೇಕೇ ಎಂದು ಎರಡು ತಿಂಗಳು ಸುಮ್ಮನಿದ್ದೆ. ಕೊನೆಗೆ ನನ್ನ ಮನಸ್ಸೇ ನನ್ನನ್ನು ಬಿಡಲಿಲ್ಲ.

ಹೋದ ಬುಧವಾರ ಮಹಿಳಾ ಸಂಘದ ಚಾಪೆ ತೆಗೆಯುವ ನೆವದಲ್ಲಿ ಚರ್ಚಿನ ಕೋಣೆಗೆ ಹೋದೆ. ಕಪಾಟಿನ ಕೆಳಗಿನ ಅರೆಯಲ್ಲಿ ಬಿಸ್ಕೀಟಿನ ಒಂದು ಡಬ್ಬಿ. ಅದರ ತುಂಬ ಫೆಬ್ರವರಿಯ ಚೀಟಿಗಳು. ಎರಡು ಕಟ್ಟು ಮಾಡಿದ್ದರು. ದೊಡ್ಡ ಕಟ್ಟಿನಲ್ಲಿ ಮಗನಿಗೆ ನೌಕರಿ, ಮಗಳಿಗೆ ಗಂಡು, ಮಂಡಿ ನೋವು. ಸಣ್ಣ ಕಟ್ಟಿನಲ್ಲಿ ಹದಿನಾಲ್ಕು ಚೀಟಿ. ಅವುಗಳ ಅಂಚಿನಲ್ಲಿ ಕೆಂಪು ಪೆನ್ನಿನಿಂದ ದಿನ, ಹೊತ್ತು ಬರೆದಿತ್ತು. "ಶನಿವಾರ ಮುಂಜಾನೆ." "ಭಾನುವಾರ ಮಧ್ಯಾಹ್ನ." ಬ್ರದರಿಗೆ ಯಾವ ಹೊತ್ತಿಗೆ ಯಾವ ದರ್ಶನ ಆಗಬೇಕೆಂದು ಮೊದಲೇ ಗೊತ್ತುಮಾಡಿದ್ದರು! ಕೆಂಪು ಅಕ್ಷರ ಸೈಮನನದು, ನನಗೆ ಚೆನ್ನಾಗಿ ಗೊತ್ತು. ಬಲಗಾಲು ಕುಂಟುವ ಪ್ರಭಾಕರನಿಗೆ "ನಿನ್ನ ಕಾಲನ್ನು ಕರ್ತ ನೋಡುತ್ತಿದ್ದಾನೆ" ಎಂದು ಬ್ರದರ್ ಹೇಳಿದಾಗ ಅವನು ಬಿದ್ದು ಹೊರಳಿ ಅತ್ತದ್ದು ನೆನಪಿದೆಯೇ? ಅವನ ಚೀಟಿಯೂ ಅಲ್ಲಿತ್ತು. ನಾನು ಚಾಪೆಯ ಮೇಲೆ ಕುಳಿತುಬಿಟ್ಟೆ.

ಔರಾದದ ಚೀಟಿಯೂ ಸಿಕ್ಕಿತು. ಹೆಸರಿಲ್ಲ. ಅಕ್ಷರ ನನ್ನದಲ್ಲ, ನಿನ್ನದೂ ಅಲ್ಲ. ಯಾರದೆಂದು ನೋಡಿದ ಕೂಡಲೇ ಗೊತ್ತಾಯಿತು. ಪ್ರತಿ ಕ್ರಿಸ್‌ಮಸ್ಸಿಗೆ ಆ ಅಕ್ಷರದಲ್ಲಿ ನನಗೆ ಶುಭಾಶಯ ಬರುತ್ತದೆ. ಯಾರದೆಂದು ನನ್ನ ಬಾಯಿಂದ ಹೇಳುವುದಿಲ್ಲ. ಚೀಟಿಯನ್ನೇ ಈ ಕಾಗದದೊಳಗೆ ಇಟ್ಟಿದ್ದೇನೆ. ಒಬ್ಬಳೇ ಇದ್ದಾಗ ತೆರೆ.

ನನ್ನ ಮೇಲೆ ಅನುಮಾನಪಟ್ಟಿದ್ದಕ್ಕೆ ಕ್ಷಮೆ ಕೇಳಬೇಡ. ನಾನೂ ಪಟ್ಟಿದ್ದೆ.

ನಿನ್ನ ಪರ್ಲ


ಭಾಲ್ಕಿ
೬ ಅಕ್ಟೋಬರ್ ೨೦೨೪

ಪ್ರಿಯ ಪರ್ಲ,

ಮೂವತ್ತೆಂಟು ವರ್ಷ ಸಾಲಿ ಹುಡುಗರಿಗೆ ಕಾಪಿ ಬರೆಸಿದ ಕೈ. ಒಂದೊಂದು ಅಕ್ಷರ ಕಡೆದಿಟ್ಟಂತೆ. ನೀನು ಓದಿದ್ದೀ, ಆದರೂ ನಾನೊಮ್ಮೆ ಬರೆಯಬೇಕು:

"ಕರ್ತನೇ, ನನ್ನ ಹೆಂಡತಿ ನರ್ಸ್ ಇದ್ದಾಗ ಔರಾದದಲ್ಲಿ ನಮ್ಮ ಹಾಡು ಕೇಳಲು ಬಂದ ಹೊತ್ತಿನಲ್ಲಿ ಒಬ್ಬ ಬಾಣಂತಿ ತೀರಿಹೋದಳು. ಆಕೆ ಇದನ್ನು ಒಬ್ಬಳೇ ಹೊತ್ತಿದ್ದಾಳೆ. ನನ್ನ ಮುಂದೆ ಹೇಳುವ ಧೈರ್ಯ ಆಕೆಗೆ ಕೊಡು. ಕೇಳುವ ಧೈರ್ಯ ನನಗೆ ಕೊಡು."

ಪಾಲ ಅವರಿಗೆ ಗೊತ್ತಿತ್ತು. ಮದುವೆಗೆ ಮೊದಲೇ ಗೊತ್ತಿತ್ತು.

ನಾಲ್ಕು ದಿನ ನಾನು ಮಾತಾಡಲಿಲ್ಲ. ರೊಟ್ಟಿ ಬಡಿದು ಮುಂದಿಟ್ಟು ಎದ್ದು ಹೋಗುತ್ತಿದ್ದೆ. ಅವರ ಪ್ರತಿ ಮಾತಿನ ಬೆನ್ನ ಹಿಂದೆ ಏನಿತ್ತೆಂದು ಹುಡುಕಿದೆ. ನನಗೆ ಜ್ವರ ಬಂದಾಗ ಹಣೆ ಮುಟ್ಟಿದ್ದು, ಪ್ರತಿ ವರ್ಷ ಕೂಟದ ಹಾಡಿನ ಹೊತ್ತಿಗೆ "ನಿನಗ ತಲಿ ನೋವೈತೇನು, ಮನಿಗೆ ಹೋಗೋಣೇನು" ಎಂದದ್ದು. ಅದು ಪ್ರೀತಿಯೋ, ಕನಿಕರವೋ, ಪರೀಕ್ಷೆಯೋ? ಎಲ್ಲದರ ಮೇಲೂ ಅನುಮಾನ ಬಂತು. ಐದನೆಯ ದಿನ ಮಧ್ಯಾಹ್ನ ಮಗ, ಸೊಸೆ ಪೇಟೆಗೆ ಹೋಗಿದ್ದರು. ಚೀಟಿಯನ್ನು ಅವರ ತಾಟಿನ ಪಕ್ಕದಲ್ಲಿ ಇಟ್ಟೆ.

ಕೈ ಅಲ್ಲಿಗೇ ನಿಂತಿತು. "ಇದು ನಿನ್ನ ಕೈಗೆ ಹ್ಯಾಂಗ ಬಂತು?" ಎಂದರು.

"ಅದು ಆಮ್ಯಾಲ. ನಿಮಗ ಯಾರು ಹೇಳಿದ್ರು ಅದನ್ನ ಹೇಳ್ರಿ."

"ಯಾರೂ ಹೇಳಿಲ್ಲ. ನಾ ನೋಡೀನಿ."

ಖಟಕ ಚಿಂಚೋಳಿಯ ತಂಡದವರು ಆ ಮಧ್ಯಾಹ್ನ ಹಾಡಿದ್ದರಂತೆ. ಮುಂದೆ ನಿಂತು ಹೇಳಿಕೊಡುತ್ತಿದ್ದವರು ಇವರೇ. ಪೆಂಡಾಲದ ಕೊನೆಯಲ್ಲಿ ಬಿಳಿ ಸೀರೆಯ ಒಬ್ಬಳು ಹಗ್ಗ ಹಿಡಿದು ನಿಂತಿದ್ದಳಂತೆ. ಮರುದಿನ ಮುಂಜಾನೆ, ಪಕ್ಕದ ದವಾಖಾನೆಯಲ್ಲಿ ಹಿಂದಿನ ದಿನ ಸಂಜೆ ನಾಲ್ಕು ಗಂಟೆಗೆ ತೀರಿಕೊಂಡ ಬಾಣಂತಿಯ ಕುಟುಂಬಕ್ಕಾಗಿ ಪ್ರಾರ್ಥಿಸಿರೆಂದು ಮೈಕಿನಲ್ಲಿ ಹೇಳಿದರಂತೆ. ಒಂದು ವರ್ಷ ಕಳೆದು ಹೆಣ್ಣು ನೋಡಲು ಬಂದಾಗ ನನ್ನ ಮುಖ ಕಂಡು ಎಲ್ಲ ಕೂಡಿಸಿ ತಿಳಿದುಕೊಂಡರಂತೆ.

"ತಿಳಿದೂ ಯಾಕ ಮಾಡಿಕೊಂಡ್ರಿ? ಕನಿಕರಕ್ಕೇನು?"

ತಾಟು ಬದಿಗೆ ಸರಿಸಿ ಹೇಳಿದರು: "ನಮ್ಮ ಹಾಡು ಮೂರೇ ಇದ್ದವು. ಮೂರೂ ಮುಗದಿದ್ದವು. ನೀ ಅಲ್ಲಿ ನಿಂತೀ ಅಂತ ನಾ ಇನ್ನೊಂದು ಹಾಡು ಎತ್ತಿದ್ನಿ ರೂತ. ನೀ ಹೋಗಬ್ಯಾಡ ಅಂತ ಎತ್ತಿದ್ನಿ. ಈ ಪಾಪದಾಗ ನಂದೂ ಪಾಲದ."

ಪರ್ಲ, ಅದು ಹತ್ತು ನಿಮಿಷದ ಹಾಡು. ಆ ಹತ್ತು ನಿಮಿಷವನ್ನು ಅವರು ಹೊತ್ತಿದ್ದಾರೆ, ಮುಕ್ಕಾಲು ತಾಸನ್ನು ನಾನು ಹೊತ್ತಿದ್ದೇನೆ. ಒಂದೇ ಮನೆಯಲ್ಲಿ, ಒಂದೇ ಹಾಸಿಗೆಯಲ್ಲಿ, ಒಬ್ಬರಿಗೊಬ್ಬರು ಗೊತ್ತಾಗದಂತೆ. ನನಗೆ ಅಳು ಬರಲಿಲ್ಲ. ಅವರ ಮೇಲೆ ಸಿಟ್ಟೂ ಉಳಿಯಲಿಲ್ಲ. ಅವರ ಎದುರು ಕುಳಿತು ಅದೇ ತಾಟಿನಲ್ಲಿ ಉಂಡೆ.

ಚೀಟಿಯ ಗತಿ ಏನಾಯಿತೆಂದು ತಿಳಿದಾಗ ಮಾತ್ರ ಅವರ ಮುಖ ಕಪ್ಪಿಟ್ಟಿತು. "ನಾ ದೇವರಿಗೆ ಬರದದ್ದು ಅದು," ಎಂದರು. ಮತ್ತೆ ಮತ್ತೆ ಅದನ್ನೇ ಹೇಳಿದರು.

ನಿನ್ನ ರೂತ


ಬೀದರ
೮ ಡಿಸೆಂಬರ್ ೨೦೨೪

ಪ್ರಿಯ ರೂತ,

ಕೂಟ ನಡೆಸುವ ಮೂರೂ ತಾಲೂಕಿನ ಕಮಿಟಿ ನಿನ್ನೆ ಇಲ್ಲಿ ಕೂಡಿತ್ತು. ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಮೇಜಿನ ಮೇಲೆ ಇಟ್ಟೆ. ಔರಾದದ ಚೀಟಿಯ ಮಾತೆತ್ತಲಿಲ್ಲ. ಉಳಿದ ಹದಿಮೂರು ಸಾಕಾದವು.

ಸೈಮನ ಮೊದಲು ನನ್ನನ್ನೇ ಹಿಡಿದ. "ಕಪಾಟು ತೆಗೀಲಿಕ್ಕೆ ನಿಮಗ ಯಾರು ಹೇಳಿದ್ರು?" ಎಂದ. "ಚಾವಿ ನೀವೇ ಕೊಟ್ಟೀರಿ," ಎಂದೆ. ಆಮೇಲೆ ದನಿ ಇಳಿಸಿದ. "ಮಂದಿ ಕಮ್ಮಿ ಆಗ್ಲಿಕ್ಕತ್ಯಾರ್ರಿ. ಏನರ ಕಂಡ್ರ ಬರ್ತಾರ. ನಾ ಏನ್ ನನ್ನ ಮನಿಗೆ ಒಯ್ದೀನೇನು?" ಅವನ ಕಣ್ಣಲ್ಲಿ ನೀರಿತ್ತು. ಅದು ಖರೆಯೋ ಖೊಟ್ಟಿಯೋ ನನಗೆ ಈಗಲೂ ತಿಳಿಯದು. ಅವನನ್ನು ಸೆಕ್ರೆಟರಿ ಕೆಲಸದಿಂದ ಬಿಡಿಸಿದರು. ಬ್ರದರನ್ನು ಕರೆಯಿಸುವುದಿಲ್ಲ. ಆದರೆ ಪಾಸ್ಟರು ಎಲ್ಲರಿಗೂ ಈ ಮಾತು ಹೊರಗೆ ಹೋಗಬಾರದೆಂದರು. ಅದನ್ನು ನಾನು ಒಪ್ಪಲಿಲ್ಲ. ಕುಂಟುವ ಪ್ರಭಾಕರನ ಮನೆಗೆ ನಾನೇ ಹೋಗಿ ಅವನ ಚೀಟಿ ಅವನಿಗೆ ಕೊಟ್ಟುಬಂದೆ. ಅವನು ಅದನ್ನು ತೆಗೆದುಕೊಂಡು ಬಾಗಿಲು ಹಾಕಿಕೊಂಡ.

ನೀನು ಕೂಟದಲ್ಲಿ ಎದ್ದು ನಿಂತು ಎಲ್ಲ ಹೇಳಿಬಿಡಲೇ ಎಂದು ಫೋನಿನಲ್ಲಿ ಕೇಳಿದೆ. ಆ ಹೊತ್ತು ಕೂಗಿ ಉತ್ತರ ಕೊಡಲಾಗಲಿಲ್ಲ. ಈಗ ಕೊಡುತ್ತೇನೆ: ಬೇಡ. ಸಾವಿರ ಮಂದಿ ಹಲ್ಲೆಲೂಯ ಎನ್ನುತ್ತಾರೆ, ಉಂಡು ಮನೆಗೆ ಹೋಗುತ್ತಾರೆ. ಈ ಮಾತು ಕೇಳಬೇಕಾದವಳು ಆ ಪೆಂಡಾಲದಲ್ಲಿ ಇರುವುದಿಲ್ಲ. ಆಕೆ ಔರಾದದಲ್ಲಿದ್ದಾಳೆ, ಉರ್ದು ಸಾಲಿಯಲ್ಲಿ ಟೀಚರ್ ಆಗಿದ್ದಾಳೆ ಎಂದು ನೀನೇ ಎಷ್ಟೋ ವರ್ಷದ ಹಿಂದೆ ಹೇಳಿದ್ದೆ. ಔರಾದದಿಂದ ಯಾವ ನರ್ಸು ಬಂದರೂ ತಬಸ್ಸುಮಳ ಮಗಳು ಹೇಗಿದ್ದಾಳೆಂದು ಸುತ್ತುಬಳಸಿ ವಿಚಾರಿಸುತ್ತಿದ್ದವಳಲ್ಲವೇ ನೀನು?

ಆಕೆಯ ಹತ್ತಿರ ಹೋದರೆ ಪುಸ್ತಕದಲ್ಲಿ ಸುಳ್ಳು ಬರೆದವಳ ಹೆಸರನ್ನೂ ಹೇಳು. ಮುಚ್ಚಬೇಡ. ನನಗೆ ಹೆದರಿಕೆಯಾಗುತ್ತಿದೆ, ಆದರೂ ಹೇಳು.

ನಿನ್ನ ಪರ್ಲ


ಭಾಲ್ಕಿ
೧೨ ಫೆಬ್ರವರಿ ೨೦೨೫

ಪ್ರಿಯ ಪರ್ಲ,

ಭಾನುವಾರ ನಮ್ಮೂರ ಕೂಟದಲ್ಲಿ ನೀನು ನಮ್ಮನ್ನು ಹುಡುಕಿದೆಯೆಂದು ರೆಬೆಕ್ಕಾ ಹೇಳಿದಳು. ಪೆಂಡಾಲದಲ್ಲಿ ಮೊದಲ ಹಾಡು ಏಳುವ ಹೊತ್ತಿಗೆ ನಾನು, ಇವರು ಔರಾದದ ಬಸ್ಸಿನಲ್ಲಿದ್ದೆವು.

ಮನೆ ಸಿಗಲು ಕಷ್ಟವಾಗಲಿಲ್ಲ. ಬಾಗಿಲು ತೆರೆದವಳು ತಬಸ್ಸುಮಳ ಮಗಳೇ. ಬದರುನ್ನಿಸಾ. ನಲವತ್ತು ವರ್ಷ. ತಾಯಿಯದೇ ಅಗಲ ಹಣೆ. ಇವರ ಬಿಳಿ ಅಂಗಿ, ನನ್ನ ಕೈಚೀಲ ನೋಡಿ ಆಕೆ, "ಕಿತಾಬ್ ಹಂಚ್ಲಿಕ್ಕೆ ಬಂದೀರೇನ್ರಿ? ನಮಗ ಬ್ಯಾಡ," ಎಂದಳು.

"ಇಲ್ಲಮ್ಮ. ನೀ ಹುಟ್ಟಿದಾಗ ಅಲ್ಲಿದ್ದ ನರ್ಸ್ ನಾ," ಎಂದೆ.

ಒಳಗೆ ಕರೆದಳು, ಆದರೆ ಬಾಗಿಲು ಹಾಕಲಿಲ್ಲ. ತಂದೆ ಅಬ್ದುಲ ಸಮದ ಆರು ವರ್ಷದ ಹಿಂದೆ ತೀರಿಕೊಂಡರಂತೆ. ನಾನು ಬಸ್ಸಿನಲ್ಲಿ ಹೇಗೆ ಶುರು ಮಾಡುವುದೆಂದು ಹೊಂದಿಸಿಕೊಂಡದ್ದೆಲ್ಲ ಮರೆತುಹೋಯಿತು. ನಡೆದದ್ದನ್ನು ನಡೆದಂತೆ ಹೇಳಿದೆ. ಹಾಡು, ಮುಕ್ಕಾಲು ತಾಸು, ರಕ್ತ, ಪುಸ್ತಕದಲ್ಲಿ ಬರೆದ ಸುಳ್ಳು, ನಿನ್ನ ಹೆಸರು. ಇವರು ತಮ್ಮ ನಾಲ್ಕನೆಯ ಹಾಡನ್ನು ಹೇಳಿದರು.

ಆಕೆಯ ಮುಖದಲ್ಲಿ ಏನೂ ಕಾಣಲಿಲ್ಲ. "ಈಗ ಯಾಕ ಬಂದ್ರಿ? ಯಾರರ ಕೇಸ್ ಹಾಕ್ಯಾರೇನು? ನನ್ನಿಂದ ಏನರ ಬರಸ್ಕೋಬೇಕಾಗ್ಯದೇನು?"

"ಏನೂ ಬ್ಯಾಡವ್ವಾ. ನಿನಗ ಹೇಳಬೇಕಾಗಿತ್ತು. ಹೇಳಿಲ್ಲ. ಅದಕ್ಕ ಬಂದೀನಿ."

"ನೀವು ಎದ್ದು ಹೋಗಿದ್ದಿಲ್ಲಂದ್ರ ಅಮ್ಮೀ ಉಳೀತಿದ್ಲೇನು?"

ಈ ಪ್ರಶ್ನೆಗೆ ನಾನು ನಲವತ್ತು ವರ್ಷ ಬೇರೆ ಬೇರೆ ಉತ್ತರ ಕೊಟ್ಟುಕೊಂಡಿದ್ದೇನೆ. ಆಕೆಗೆ ಒಂದೇ ಕೊಟ್ಟೆ. "ಹೊಟ್ಟಿ ತಿಕ್ಕಿ, ಸೂಜಿ ಮಾಡಿ ರಕ್ತ ನಿಲ್ಲಸೋದು ನಂಗ ಬರ್ತಿತ್ತು. ಉಳೀಬಹುದಿತ್ತು."

ಆಕೆ ಎದ್ದು ನಿಂತಳು. ಹೊರಗೆ ಹೋಗಿ ಎನ್ನುತ್ತಾಳೆಂದು ನಾನೂ ಎದ್ದೆ. ಆಕೆ ನನ್ನನ್ನು ನೋಡದೆ ಕೇಳಿದಳು: "ನಾ ಹುಟ್ಟೋವಾಗೇ ಅಮ್ಮೀ ಹೋದ್ಲು ಅಂತ ಹೇಳ್ಯಾರ ನನಗ. ಅಬ್ಬಾ ಆ ಮಾತೇ ಎತ್ತತಿದ್ದಿಲ್ಲ, ಅಮ್ಮೀ ಕಡಿಯವರು ಬರೋದೇ ಬಿಟ್ಟಿದ್ರು. ಅಬ್ಬಾನ ತಾಯಿ, ನನ್ನ ದಾದಿ, ಹಂಗೇ ಅಂತಿದ್ಲು. ಸಿಟ್ಟು ಬಂದಾಗ ತಾಯೀನ್ನ ತಿಂದ ಹುಡುಗಿ ಅಂತಿದ್ಲು. ಅಮ್ಮೀ ಕಣ್ಣು ಬಿಟ್ಟು ನನ್ನ ನೋಡ್ಯಾಳೇನು?"

ಪರ್ಲ, ನಾವು ನಮ್ಮ ತಪ್ಪನ್ನು ಮುಚ್ಚಿದೆವು ಎಂದುಕೊಂಡಿದ್ದೆವು. ಅದರ ಕೆಳಗೆ ಈ ಹುಡುಗಿಯ ತಾಯಿಯನ್ನೂ ಮುಚ್ಚಿಬಿಟ್ಟಿದ್ದೆವು.

"ನೋಡ್ಯಾಳೇನು ಅಂತಿ? ಮುಂಜಾನಿ ಹನ್ನೊಂದಕ್ಕ ನೀ ಹುಟ್ಟೀದಿ. ನಾಲ್ಕರ ತನಕ ನೀ ಆಕಿ ಮಗ್ಗಲದಾಗೇ ಇದ್ದಿ. ಐದು ತಾಸ. ಮೂರು ಸಲ ಹಾಲು ಕುಡಿಸ್ಯಾಳ."

ಆಕೆ ಮತ್ತೆ ಕುಳಿತಳು. ಕುರ್ಚಿ ಬಿಟ್ಟು ನೆಲದ ಮೇಲೆ ಕುಳಿತಳು. ಇವರು ಮೆಲ್ಲಗೆ ಎದ್ದು ಕಟ್ಟೆಗೆ ಹೋದರು.

"ಮಾಫಿ ಮಾತು ಈಗ ಬ್ಯಾಡ," ಎಂದಳು. "ಅದು ನನ್ನ ಕೈಲೆ ಆಗ್ತದೋ ಇಲ್ಲೋ. ಮೊದಲ ಆ ಐದು ತಾಸ ಹೇಳ್ರಿ. ಏನೂ ಬಿಡಬ್ಯಾಡ್ರಿ."

ಹೇಳಿದೆ. ತಬಸ್ಸುಮ ಮಗುವಿನ ಬೆರಳು ಎಣಿಸಿದ್ದು, ಎಣಿಕೆ ತಪ್ಪಿತೆಂದು ಇನ್ನೊಮ್ಮೆ ಎಣಿಸಿದ್ದು. ಗಂಡ ಹಳ್ಳಿಗೆ ತನ್ನ ತಾಯಿಯನ್ನು ಕರೆತರಲು ಹೋಗುವಾಗ ಹೆದರಿ ಮಗುವನ್ನು ಎತ್ತಿಕೊಳ್ಳಲೇ ಇಲ್ಲವೆಂದು ನಕ್ಕದ್ದು. ತನಗೆ ಹಸಿವಾಗಿದೆ ಎಂದದ್ದು, ಅದಕ್ಕೆ ಆಕೆಯ ತಾಯಿ ಊಟ ತರಲು ಹೋದದ್ದು. ನನ್ನ ಗಡಿಯಾರ ಬೇಡಿ ತಗೊಂಡು ಮಗುವಿನ ಕಿವಿಗೆ ಹಿಡಿದದ್ದು. ನಲವತ್ತು ವರ್ಷ ಆ ಮಧ್ಯಾಹ್ನದಲ್ಲಿ ನಾನು ಕಂಡದ್ದು ರಕ್ತ ಒಂದೇ. ಅದರ ಹಿಂದೆ ಇಷ್ಟೆಲ್ಲ ಇತ್ತೆಂದು ಹೇಳುತ್ತ ಹೋದಂತೆ ನನಗೇ ತಿಳಿಯಿತು.

"ಬದರುನ್ನಿಸಾ ಅಂತ ಹೆಸರು ಆಕಿನೇ ಇಟ್ಲೇನು?"

"ಇಲ್ಲವ್ವಾ. ಅದು ಆಮ್ಯಾಲ ಯಾರೋ ಇಟ್ಟಾರ."

"ದಾದೀದು. ಆಕಿ ತಾಯಿ ಹೆಸರದು."

"ನಿಮ್ಮ ಅಮ್ಮೀ ನಿನಗ ನಾಹೀದ ಅಂತ ಕರೀತಿದ್ಲು. ನನ್ನ ಮುಂದನೇ ಕರದಾಳ. ಯಾರಿಗೂ ಇನ್ನಾ ಹೇಳಿಲ್ಲ, ಅವರು ಬಂದ್ರ ಹೇಳ್ತೇನಿ ಅಂದ್ಲು."

ಆಕೆ ಆ ಹೆಸರನ್ನು ತುಟಿಯಲ್ಲೇ ಒಮ್ಮೆ ಆಡಿ ನೋಡಿದಳು. ಒಳಗೆ ಓದುತ್ತಿದ್ದ ಮಗಳನ್ನು ಕೂಗಿದಳು. "ಅತಿಯಾ, ಇಲ್ಲಿ ಬಾ. ಕೂಡು." ಹದಿನಾರರ ಆ ಹುಡುಗಿ ಬಂದು ತಾಯಿಗೆ ಒತ್ತಿಕೊಂಡು ಕುಳಿತು, ನಾನು ಯಾರೆಂದು ತಿಳಿಯದೆ ನನ್ನನ್ನೇ ನೋಡಿತು.

ಬದರುನ್ನಿಸಾ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು.

"ಈಕಿಗೆ ಹೇಳ್ರಿ," ಎಂದಳು. "ಹನ್ನೊಂದು ಗಂಟಿಯಿಂದ ಹೇಳ್ರಿ."

ನಿನ್ನ
ರೂತ